ಹೆಬ್ಬಾಳದ ದಡದಲ್ಲಿ ಮ್ಯಾಕ್‌ಬೆತ್‌ನ ಹಕ್ಕಿಗಳು

ಶೇಕ್ಸ್‌ಪಿಯರ್‌ನ ರುದ್ರನಾಟಕಗಳಲ್ಲೆಲ್ಲ ಗಾತ್ರದಲ್ಲಿ ಚಿಕ್ಕದು ‘ಮ್ಯಾಕ್‌ಬೆತ್’. ಆದರೆ ಅದರೊಳಗಿನ ಹಕ್ಕಿಗಳನ್ನು ಬರೆದಿಟ್ಟುಕೊಳ್ಳುತ್ತ ಹೋದರೆ ಒಂದು ಕೆರೆಯಂಗಳ ತುಂಬುವಷ್ಟಿವೆ. ಗೂಬೆ, ಕಾಗೆ, ಕಾಗೆಯ ದೊಡ್ಡ ಬಂಧುವಾದ ರೇವನ್, ಚಾಣ, ಹದ್ದು, ಕೋಟೆಗೋಡೆಗೆ ಗೂಡು ಕಟ್ಟುವ ಮಾರ್ಟಿನ್, ಹೆಬ್ಬೆರಳುದ್ದದ ರೆನ್. ಒಂದೊಂದೂ ತನ್ನ ಹೊತ್ತಿಗೆ, ತನ್ನ ಜಾಗಕ್ಕೆ ಸರಿಯಾಗಿ ಬರುತ್ತದೆ. ಮುಸ್ಸಂಜೆಗೆ ಕಾಗೆ, ನಡುರಾತ್ರಿಗೆ ಗೂಬೆ, ಇಳಿಬಿಸಿಲಿಗೆ ಮಾರ್ಟಿನ್. ಹಕ್ಕಿಗಳನ್ನು ಕಣ್ಣಾರೆ ನೋಡಿ ಬೆಳೆದವನಿಗೆ ಮಾತ್ರ ಹೀಗೆ ಬರೆಯಲು ಬರುತ್ತದೆ.

ನನ್ನ ಓಡಾಟ ಬೆಂಗಳೂರಿನ ಹೆಬ್ಬಾಳ, ರಾಚೇನಹಳ್ಳಿ, ಜಕ್ಕೂರು, ಯಲಹಂಕ, ಪುಟ್ಟೇನಹಳ್ಳಿ ಕೆರೆಗಳ ನಡುವೆ. ಈ ದಡಗಳಲ್ಲಿ ಕಾಯುತ್ತ ಕೂತಾಗ ಮ್ಯಾಕ್‌ಬೆತ್ ಮತ್ತೆ ಮತ್ತೆ ನೆನಪಾಗುತ್ತದೆ. ಕೇಡಿಗ ರಾಜರ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನೆನಪಾಗುವುದು ಬೇರೆ ಬಗೆ, ಇದು ಬೇರೆ ಬಗೆ. ಅಂಕೆಯಿಲ್ಲದ ಮಹತ್ವಾಕಾಂಕ್ಷೆ ಒಬ್ಬ ದೊಡ್ಡ ಮನುಷ್ಯನನ್ನು ಕೆಡಿಸುವಾಗ ಮೊದಲು ಎಲ್ಲಿಗೆ ಕೈ ಹಾಕುತ್ತದೆ? ತರಗತಿಯಲ್ಲಿ ಮೇಷ್ಟ್ರು ನೀತಿಗೆ ಎಂದು ಹೇಳಿಕೊಟ್ಟರು. ಕೆರೆದಡದಲ್ಲಿ ಕೂತು ಓದಿದ ಮೇಲೆ ನನಗೆ ಅನ್ನಿಸಿರುವುದು ಕಣ್ಣಿಗೆ ಎಂದು. ತನ್ನ ಮುಂದೆ ಇರುವುದನ್ನು ಇರುವ ಹಾಗೆ ನೋಡುವ ಶಕ್ತಿ ಮ್ಯಾಕ್‌ಬೆತ್‌ನಲ್ಲಿ ದೃಶ್ಯದಿಂದ ದೃಶ್ಯಕ್ಕೆ ಇಂಗುತ್ತ ಹೋಗುತ್ತದೆ. ಕೊಲೆಗಳು ಆ ದಾರಿಯಲ್ಲೇ ಸಿಗುತ್ತವೆ.

ಈ ನಾಟಕ ಕನ್ನಡಕ್ಕೆ ಹೊಸತಲ್ಲ. 1895ರಲ್ಲೇ ಎಂ. ಎಲ್. ಶ್ರೀಕಂಠೇಶಗೌಡರು ಇದನ್ನು ‘ಪ್ರತಾಪರುದ್ರದೇವ’ ಎಂಬ ಹೆಸರಿನಲ್ಲಿ ನಮ್ಮ ರಾಜರ ಕಥೆಯಾಗಿ ಮಾರ್ಪಡಿಸಿದರು. 1936ರಲ್ಲಿ ಡಿ.ವಿ.ಜಿ. ಮೂಲದ ಹೆಸರಿನಲ್ಲೇ ಅನುವಾದಿಸಿದರು. ರಾಮಚಂದ್ರ ದೇವ ಮತ್ತೊಮ್ಮೆ ಕನ್ನಡಿಸಿದರು. ಎಚ್. ಎಸ್. ಶಿವಪ್ರಕಾಶ್ ಇದನ್ನು ‘ಮಾರನಾಯಕನ ದೃಷ್ಟಾಂತ’ವಾಗಿಸಿದರು, ಅದನ್ನು ಹುಲಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಂದಲೇ ಆಡಿಸಿದರು. ಕೊಲೆಯ ಕಥೆಯನ್ನು ಸೆರೆಮನೆಯವರು ಆಡಿ ತೋರಿಸಿದ ಆ ಪ್ರಯೋಗ ಕನ್ನಡ ರಂಗಭೂಮಿ ಹೆಮ್ಮೆಪಡಬೇಕಾದ್ದು. ಒಂದು ಶತಮಾನಕ್ಕೂ ಮಿಕ್ಕಿ ನಾವು ಈ ಮನುಷ್ಯನನ್ನು ಬಿಡದೆ ನೋಡುತ್ತಿದ್ದೇವೆ.

ಭವಿಷ್ಯವಾಣಿಯಿಂದ ಶುರುಮಾಡುತ್ತೇನೆ, ನಾಟಕವೂ ಅಲ್ಲಿಂದಲೇ ಶುರುವಾಗುವುದರಿಂದ.

ಯಲಹಂಕದ ಹಳೆಯ ಬೀದಿಗಳಲ್ಲಿ ಬೆಳಕು ಹರಿಯುವ ಮುಂಚೆ ಬುಡುಬುಡಿಕೆಯವರು ಬರುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ತೇಪೆ ಹಾಕಿದ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಪುಟ್ಟ ಬುಡುಬುಡಿಕೆ. ಹಾಲಕ್ಕಿ ನುಡಿದಿದೆ, ಈ ಮನೆಗೆ ಒಳ್ಳೆಯದಾಗುತ್ತದೆ, ದೊಡ್ಡ ಪದವಿ ಬರುತ್ತದೆ ಎಂದು ಬಾಗಿಲಿಂದ ಬಾಗಿಲಿಗೆ ಹೇಳುತ್ತ ಹೋಗುತ್ತಿದ್ದರು. ಮನೆಯ ಅಜ್ಜಿ ಒಂದು ಸೇರು ಅಕ್ಕಿಯನ್ನೋ ಹಳೆಯ ಪಂಚೆಯನ್ನೋ ಕೊಟ್ಟು, ಕೈಮುಗಿದು, ಹಾಲು ಕಾಯಿಸಲು ಒಳಗೆ ಹೋಗುತ್ತಿದ್ದಳು.

ಹಾಲಕ್ಕಿ ಎಂದರೆ ಮೈಮೇಲೆ ಬಿಳಿ ಚುಕ್ಕೆಗಳಿರುವ ಪುಟ್ಟ ಗೂಬೆ. ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದ ಮಳೆಮರಗಳಲ್ಲಿ, ಹಳೆಯ ಮಾವಿನ ಪೊಟರೆಗಳಲ್ಲಿ ಜೋಡಿಯಾಗಿ ಇರುತ್ತದೆ. ಹಗಲಲ್ಲಿ ಪೊಟರೆಯ ಬಾಯಿಗೆ ಬಂದು ಬಿಸಿಲು ಕಾಯಿಸಿಕೊಳ್ಳುವುದುಂಟು. ನಾವು ನೋಡಿದರೆ ತಲೆಯನ್ನು ಮೇಲೆ ಕೆಳಗೆ ಕುಣಿಸಿ ದಿಟ್ಟಿಸುತ್ತದೆ. ಮುಸ್ಸಂಜೆಗೆ, ಮತ್ತೆ ನಸುಕಿಗೆ ಗಂಡು ಹೆಣ್ಣು ಒಟ್ಟಿಗೆ ಕಿಚಕಿಚ ಕಿರುಚುತ್ತವೆ. ಆ ಕೂಗಿನಲ್ಲಿರುವುದು ಅವುಗಳದೇ ಸಮಾಚಾರ: ಇದು ನಮ್ಮ ಮರ, ಇಲ್ಲಿಗೆ ನಮ್ಮ ಗಡಿ, ನೀನೆಲ್ಲಿದ್ದೀಯ, ನಾನಿಲ್ಲಿದ್ದೇನೆ. ಜೀರುಂಡೆ, ಮಿಡತೆ, ಹಲ್ಲಿ, ಸಣ್ಣ ಇಲಿ ಸಿಕ್ಕರೆ ಅದರ ದಿನ ಆಯಿತು. ಮನುಷ್ಯನ ಪದವಿ ಅದಕ್ಕೆ ಗೊತ್ತಿಲ್ಲ.

ನೀನು ರಾಜನಾಗುವೆ ಎಂಬ, ಬಂಜರು ಬಯಲಿನ ಮೂವರು ಮಾಟಗಾತಿಯರ ಮಾತನ್ನು ಮ್ಯಾಕ್‌ಬೆತ್ ಒಬ್ಬನೇ ಕೇಳುವುದಿಲ್ಲ. ಪಕ್ಕದಲ್ಲಿ ಬ್ಯಾಂಕೋ ಇದ್ದಾನೆ. ಅವನಿಗೂ ಆಶ್ವಾಸನೆ ಸಿಗುತ್ತದೆ, ಅವನ ಸಂತಾನದವರು ರಾಜರಾಗುತ್ತಾರೆ ಎಂದು. ಬ್ಯಾಂಕೋ ಆ ಹೆಂಗಸರನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಇವರು ಈ ನೆಲದವರಂತೆ ಕಾಣುವುದಿಲ್ಲ, ಆದರೂ ನೆಲದ ಮೇಲಿದ್ದಾರಲ್ಲ ಎನ್ನುತ್ತಾನೆ. ಗಡ್ಡವನ್ನು, ಬಿರುಕುಬಿಟ್ಟ ಬೆರಳನ್ನು, ಒಣಗಿದ ತುಟಿಯನ್ನು ಗುರುತಿಸುತ್ತಾನೆ. ಹೊಸ ಪ್ರಾಣಿಯನ್ನು ಮೊದಲ ಸಲ ಕಂಡವನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ಹೀಗೆಯೇ. ಆಮೇಲೆ, ಸಣ್ಣ ಸತ್ಯಗಳನ್ನು ಹೇಳಿ ದೊಡ್ಡ ಹಳ್ಳಕ್ಕೆ ತಳ್ಳುವವರೂ ಇರುತ್ತಾರೆ ಎಂದು ಗೆಳೆಯನನ್ನು ಎಚ್ಚರಿಸುತ್ತಾನೆ. ಮ್ಯಾಕ್‌ಬೆತ್‌ಗೆ ಅವರ ರೂಪ ಬೇಕಿಲ್ಲ, ಇನ್ನಷ್ಟು ಮಾತು ಬೇಕು. ಅವರು ಮಾಯವಾದಾಗ ನಿಲ್ಲಬೇಕಿತ್ತು ಎಂದು ಹಂಬಲಿಸುತ್ತಾನೆ. ಬ್ಯಾಂಕೋವನ್ನು ದೇವರಂಥವನೆಂದು ನಾಟಕ ತೋರಿಸುವುದಿಲ್ಲ. ಮುಂದೆ ಅವನಲ್ಲೂ ಆಸೆ ಚಿಗುರುತ್ತದೆ, ರಾತ್ರಿ ಕೆಟ್ಟ ಯೋಚನೆ ಬಾರದಿರಲಿ ಎಂದು ಪ್ರಾರ್ಥಿಸುವ ಸ್ಥಿತಿಗೂ ಬರುತ್ತಾನೆ. ಆದರೆ ಅವನು ನೋಡುವುದನ್ನು ಬಿಡುವುದಿಲ್ಲ.

ಈ ಮ್ಯಾಕ್‌ಬೆತ್ ಮೊದಲು ಎಂಥವನು ಎಂಬುದನ್ನು ಮರೆಯಬಾರದು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ತೋಡುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಅದಕ್ಕೆ ಮೊದಲ ಸಾಲು. ಪೆರ್ಬೊಳಲ್ ನಾಡಿನ ಮೇಲೆ ಬಂದ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯ ಎಂಬವನ ಕಲ್ಲು ಅದು. ನಾಟಕದ ಆರಂಭದ ಮ್ಯಾಕ್‌ಬೆತ್ ಇಂಥವನೇ. ಬಂಡಾಯವನ್ನು, ಹೊರಗಿನ ದಾಳಿಯನ್ನು ಒಂದೇ ದಿನ ಎದುರಿಸಿ ನಿಂತ ಸೇನಾನಿ. ಆ ಸಂಜೆ ಸತ್ತಿದ್ದರೆ ಸ್ಕಾಟ್ಲೆಂಡಿನ ಯಾವುದೋ ಕೆರೆಯೇರಿಯ ಮೇಲೆ ಅವನಿಗೂ ಒಂದು ಕಲ್ಲು ನಿಲ್ಲುತ್ತಿತ್ತು. ಕಿತ್ತಯ್ಯ ಕಾಪಾಡಿದ ನೆಲದಲ್ಲಿ ಓಡಾಡುವಾಗ ಈ ಹೋಲಿಕೆ ನನ್ನನ್ನು ಬಿಡುವುದಿಲ್ಲ. ಬದುಕಿ ಉಳಿದು ಬಹುಮಾನ ಪಡೆದ ಮೇಲೆ ಇನ್ನೂ ಒಂದು ಮೆಟ್ಟಿಲು ಕಂಡದ್ದರಿಂದ ಮ್ಯಾಕ್‌ಬೆತ್ ಕೆಟ್ಟ.

ಇನ್ನು ನನಗೆ ಅತ್ಯಂತ ಪ್ರಿಯವಾದ ಜಾಗ. ಮೊದಲ ಅಂಕದ ಆರನೆಯ ದೃಶ್ಯ ತುಂಬ ಪುಟ್ಟದು. ರಾಜ ಡಂಕನ್ ಮ್ಯಾಕ್‌ಬೆತ್‌ನ ಕೋಟೆಯ ಮುಂದೆ ಕುದುರೆ ಇಳಿಯುತ್ತಾನೆ, ಗಾಳಿ ಹಿತವಾಗಿದೆ ಎನ್ನುತ್ತಾನೆ. ಬ್ಯಾಂಕೋ ಕತ್ತೆತ್ತಿ ಗೋಡೆಯ ಮಾರ್ಟಿನ್ ಹಕ್ಕಿಗಳನ್ನು ತೋರಿಸುತ್ತಾನೆ. ಚಾಚಿದ ಕಲ್ಲು, ಮೂಲೆ, ಆಸರೆ, ಎಲ್ಲಿ ಅನುಕೂಲವಿದೆಯೋ ಅಲ್ಲೆಲ್ಲ ಅವು ಗೂಡು ಕಟ್ಟಿವೆ. ಇವು ಹೆಚ್ಚಾಗಿ ಮರಿಮಾಡುವ ಕಡೆ ಗಾಳಿ ನವಿರಾಗಿರುವುದನ್ನು ತಾನು ಗಮನಿಸಿದ್ದೇನೆ ಎನ್ನುತ್ತಾನೆ. ಆವಾಸ, ಗೂಡಿನ ಜಾಗ, ಹವೆ, ಹಿಂದಿನ ಅನುಭವ, ಎಲ್ಲ ಸೇರಿದ ಅಪ್ಪಟ ಟಿಪ್ಪಣಿ ಇದು. ಅದರ ಹಿಂದಿನ ದೃಶ್ಯದಲ್ಲಿ, ಅದೇ ಕೋಟೆಯ ಒಳಗೆ, ಲೇಡಿ ಮ್ಯಾಕ್‌ಬೆತ್ ಅದೇ ಗೋಡೆಗಳ ಮೇಲೆ ರೇವನ್ ಹಕ್ಕಿಯನ್ನು ಕೇಳಿಸಿಕೊಂಡಿದ್ದಾಳೆ. ಡಂಕನ್ ಸಾಯಲು ಬರುತ್ತಿದ್ದಾನೆಂದು ಕೂಗಿ ಕೂಗಿ ಅದರ ಗಂಟಲು ಕಟ್ಟಿದೆ ಅವಳ ಪಾಲಿಗೆ. ಒಂದೇ ಗೋಡೆ. ಹೊರಗೆ ನಿಂತವನಿಗೆ ಮರಿಮಾಡುವ ಹಕ್ಕಿ, ಒಳಗೆ ನಿಂತವಳಿಗೆ ಸಾವಿನ ಹಕ್ಕಿ. ಮ್ಯಾಕ್‌ಬೆತ್ ಅತಿಥಿಯನ್ನು ಎದುರುಗೊಳ್ಳಲು ಹೊರಗೆ ಬರುವುದೇ ಇಲ್ಲ. ತನ್ನ ಮನೆಯ ಗೋಡೆಯ ಮೇಲಿನ ಗೂಡುಗಳನ್ನು ಅವನು ನೋಡಿದ್ದಾನೆಯೇ ಎಂಬುದಕ್ಕೆ ನಾಟಕದಲ್ಲಿ ಎಲ್ಲೂ ಸುಳಿವಿಲ್ಲ.

ಬೆಂಗಳೂರಿನಲ್ಲಿ ಆ ಮಾರ್ಟಿನ್‌ನ ಜಾಗ ತುಂಬಿರುವುದು ಬಾನಾಡಿ. ಎರಡೂ ಸೋದರರಲ್ಲ, ಮಾರ್ಟಿನ್ ಅಂಬರಗುಬ್ಬಿಗಳ ಬಳಗ, ಬಾನಾಡಿಯ ಕುಲವೇ ಬೇರೆ. ಆದರೆ ಕಸುಬು ಒಂದೇ: ಮನುಷ್ಯ ಕಟ್ಟಿದ ಕಲ್ಲು ಕಾಂಕ್ರೀಟಿನ ಮೂಲೆಯಲ್ಲಿ ಗುಂಪಾಗಿ ಗೂಡು, ಗಾಳಿಯಲ್ಲಿ ಹುಳು ಹಿಡಿಯುತ್ತ ಬದುಕು. ಹೆಬ್ಬಾಳದ ಮೇಲ್ಸೇತುವೆಯ ಸುತ್ತ ಸಂಜೆ ಕುಡುಗೋಲು ರೆಕ್ಕೆಯ ಈ ಹಕ್ಕಿಗಳು ಕೀರಲು ದನಿಯಲ್ಲಿ ಕೂಗುತ್ತ ಸುತ್ತುತ್ತವೆ. ನಾಲ್ಕು ಬೆರಳೂ ಮುಂದಕ್ಕೇ ತಿರುಗುವುದರಿಂದ ತಂತಿಯ ಮೇಲೆ ಕೂರಲಾರವು, ಗೋಡೆಗೆ ಜೋತುಬೀಳಬಲ್ಲವು ಅಷ್ಟೆ. ಗಾಳಿಯಲ್ಲಿ ತೇಲುವ ಪುಕ್ಕ, ಹುಲ್ಲೆಸಳನ್ನು ಹಾರುತ್ತಲೇ ಹಿಡಿದು ಎಂಜಲಿನಿಂದ ಅಂಟಿಸಿ ಗೂಡು ಮಾಡುತ್ತವೆ. ಕೆಳಗೆ ವಿಮಾನ ನಿಲ್ದಾಣದ ಕಡೆ ಹೋಗುವ ಕಾರುಗಳ ಸಾಲು. ಗಾಜು ಇಳಿಸಿ ಕತ್ತೆತ್ತಿದವರನ್ನು ನಾನು ಹೆಚ್ಚು ಕಂಡಿಲ್ಲ. ಎಲ್ಲರಿಗೂ ತಲುಪಬೇಕಾದ ಜಾಗವಿದೆ, ಅದು ತಪ್ಪಲ್ಲ. ಆದರೂ ಹಾಗೆ ಕತ್ತೆತ್ತುವ ಅರೆನಿಮಿಷದ ಬಿಡುವು ಮನುಷ್ಯನನ್ನು ಎಷ್ಟೋ ಕೇಡಿನಿಂದ ತಡೆಯುತ್ತದೆ ಎಂದು ನಾನು ನಂಬುತ್ತೇನೆ.

ರಾತ್ರಿಯಾಗುತ್ತದೆ. ಕೊಲೆಯ ಹೊತ್ತಿಗೆ ಗೂಬೆ ಕೂಗುತ್ತದೆ. ನಿದ್ದೆಯಲ್ಲಿದ್ದ ಮುದುಕನನ್ನು, ಬಂಧುವನ್ನು, ಅತಿಥಿಯನ್ನು, ರಾಜನನ್ನು ಮ್ಯಾಕ್‌ಬೆತ್ ಇರಿಯುತ್ತಾನೆ. ಇನ್ನು ನಿದ್ದೆಯಿಲ್ಲ ಎಂಬ ದನಿ ಅವನಿಗೆ ಕೇಳುತ್ತದೆ.

ಮಲಗಿದವರನ್ನು ಕೊಲ್ಲುವುದು ಮತ್ತು ಗೂಬೆ ಎಂದಕೂಡಲೇ ನಮಗೆ ಇನ್ನೊಂದು ಮರ ನೆನಪಾಗಬೇಕು. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಸೋತು ಕಾಡು ಹೊಕ್ಕ ಅಶ್ವತ್ಥಾಮನಿಗೆ ನಿದ್ದೆ ಹತ್ತುವುದಿಲ್ಲ. ಆಲದ ಮರದಲ್ಲಿ ಸಾವಿರಾರು ಕಾಗೆಗಳು ಮಲಗಿವೆ. ದೊಡ್ಡ ಗೂಬೆಯೊಂದು ಸದ್ದಿಲ್ಲದೆ ಬಂದು ಅವನ್ನು ಕೊಂದುಹಾಕುತ್ತದೆ. ಅಶ್ವತ್ಥಾಮ ಇದನ್ನು ಪಾಠವೆಂದುಕೊಂಡು ಪಾಂಡವರ ಪಾಳೆಯಕ್ಕೆ ನುಗ್ಗುತ್ತಾನೆ. ಈ ದೃಶ್ಯ ಬರೆದವರಿಗೆ ಹಕ್ಕಿಗಳು ಗೊತ್ತಿದ್ದವು. ಜಿ.ಕೆ.ವಿ.ಕೆ.ಯಲ್ಲಿ ಹಗಲು ಹೊತ್ತು ಕಣಜ ಗೂಬೆಯೊಂದು ಮರೆಯಿಂದ ಹೊರಬಿದ್ದರೆ ಸಾಕು, ಕಾಗೆಗಳು ಊರನ್ನೆಲ್ಲ ಕರೆದು ಅದನ್ನು ಅಟ್ಟಿಸಿಕೊಂಡು ಹೋಗುತ್ತವೆ. ರಾತ್ರಿ ಲೆಕ್ಕ ತಿರುಗುತ್ತದೆ. ಕೊಂಬಿನ ಗೂಬೆಯಂಥ ದೊಡ್ಡ ಗೂಬೆಗಳು ಮಲಗಿದ ಕಾಗೆಯನ್ನು ಎತ್ತಬಲ್ಲವು. ಡಂಕನ್ ಸತ್ತ ಮೇಲೆ ನಾಟಕದ ಒಬ್ಬ ಮುದುಕ, ಎತ್ತರದಲ್ಲಿ ಹಾರುತ್ತಿದ್ದ ಚಾಣವನ್ನು ಇಲಿ ಹಿಡಿಯುವ ಗೂಬೆ ಕೊಂದಿತೆಂದು ಹೇಳುತ್ತಾನೆ. ಶೇಕ್ಸ್‌ಪಿಯರ್ ಇದನ್ನು ಹಾಲಿನ್‌ಶೆಡ್ ಎಂಬವನ ಚರಿತ್ರೆಯಿಂದ ತೆಗೆದುಕೊಂಡ. ಅಲ್ಲಿ ಬೇರೊಬ್ಬ ರಾಜನ ಕೊಲೆಯ ನಂತರ ಗೂಬೆ ಡೇಗೆಯನ್ನು ಕೊಲ್ಲುತ್ತದೆ. ಹಗಲಿನಲ್ಲಿ ಅದು ಆಗದ ಮಾತು. ಬಂಡೆಯ ಮೇಲೆ ಮಲಗಿದ ಚಾಣವನ್ನು ಯುರೋಪಿನ ಕೊಂಬಿನ ಗೂಬೆ ರಾತ್ರಿ ಕೊಲ್ಲುವುದು ಮಾತ್ರ ನಿಜ. ಶಕುನವೆಂದುಕೊಂಡದ್ದರ ತಳದಲ್ಲೂ ಒಂದು ವೀಕ್ಷಣೆ ಇರುತ್ತದೆ.

ಹಾಗಾದರೆ ಅಶ್ವತ್ಥಾಮನೂ ಪ್ರಕೃತಿಯನ್ನು ನೋಡಿದವನೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅವನು ನೋಡಿದ್ದು ತನಗೆ ಬೇಕಾದ ಅರ್ಧವನ್ನು. ಗೂಬೆ ತನ್ನ ಹಸಿವಿಗೆ, ತನ್ನ ಮರಿಗೆ ಬೇಟೆಯಾಡುತ್ತದೆ. ಆ ಕೊಲೆಯನ್ನು ಮುಚ್ಚಲು ಇನ್ನೊಂದು ಕೊಲೆ ಮಾಡುವುದಿಲ್ಲ. ಪ್ರಕೃತಿಯನ್ನು ಸಂತರ ಮಠವೆಂದು ತೋರಿಸುವ ಆಸೆ ನನಗಿಲ್ಲ. ಕೋಳಿಗೂಡಿಗೆ ನುಗ್ಗಿದ ಕಾಡುಬೆಕ್ಕು ತಿನ್ನುವುದಕ್ಕಿಂತ ಹೆಚ್ಚು ಕೊಲ್ಲುತ್ತದೆ. ಆಹಾರ ಕಡಿಮೆಯಾದ ವರ್ಷ ಕಣಜ ಗೂಬೆಯ ಗೂಡಿನಲ್ಲಿ ಕಡೇ ಮರಿ ಅಣ್ಣಂದಿರ ಹೊಟ್ಟೆ ಸೇರಬಹುದು. ಇವೆಲ್ಲ ಇವೆ. ಆದರೆ ಇಲ್ಲಿ ಪ್ರತಿಯೊಂದು ಬಯಕೆಯ ಹಿಂದೆಯೂ ಹೊಟ್ಟೆಯೆಂಬ, ಋತುವೆಂಬ ಅಳತೆ ನಿಂತಿದೆ. ಪಟ್ಟದ ಬಯಕೆಗೆ ಅಂಥ ಅಳತೆ ಇಲ್ಲ.

ಇಲ್ಲಿ ನಮ್ಮವರೇ ಕೊಟ್ಟ ಇನ್ನೊಂದು ಉದಾಹರಣೆ ಹೇಳಬೇಕು. 1926ರಲ್ಲಿ ಬಿ.ಎಂ.ಶ್ರೀ. ಅವರು ರನ್ನನ ಹತ್ತನೆಯ ಶತಮಾನದ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಕಟ್ಟಿದರು. ಗ್ರೀಕ್ ರುದ್ರನಾಟಕಗಳನ್ನು ಬಲ್ಲ ಅವರ ಕಣ್ಣಿಗೆ ದುರ್ಯೋಧನ ದುರಂತನಾಯಕನಾಗಿ ಕಂಡ. ಮುಂದೆ 1929ರಲ್ಲಿ ಸೊಫೋಕ್ಲಿಸ್‌ನ ‘ಏಜಾಕ್ಸ್’ ಹಿಡಿದು ‘ಅಶ್ವತ್ಥಾಮನ್’ ಬರೆದರು, 1935ರಲ್ಲಿ ಈಸ್ಕಿಲಸ್‌ನ ನಾಟಕವನ್ನು ‘ಪಾರಸಿಕರು’ ಎಂದು ತಂದರು. ಅದು ಸಮುದ್ರಕ್ಕೇ ಸೇತುವೆ ಹಾಕಿ ಸೋತ ಪರ್ಷಿಯದ ದೊರೆಯ ಗರ್ವಭಂಗ. ದುರ್ಯೋಧನನ ಆಸೆ ಮ್ಯಾಕ್‌ಬೆತ್‌ನ ಆಸೆಗಿಂತ ಸಣ್ಣದೇನಲ್ಲ; ಅವನಿಂದ ಸತ್ತವರು ಹದಿನೆಂಟು ಅಕ್ಷೋಹಿಣಿ. ಆದರೂ ನಾವು ಅವನಿಗಾಗಿ ಮರುಗುತ್ತೇವೆ, ಯಾಕೆ? ರನ್ನನ ದುರ್ಯೋಧನ ಹೆಣಗಳ ನಡುವೆ ನಡೆದುಹೋಗುವಾಗ ನೋಡುತ್ತಾನೆ. ಗುರುವನ್ನು, ತಮ್ಮನನ್ನು, ಮಗನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಗುರುತಿಸಿ ಅಳುತ್ತಾನೆ. ಅಭಿಮನ್ಯುವಿನ ಹೆಣದ ಮುಂದೆ ನಿಂತು ಶತ್ರುವಿನ ಮಗನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಅವನ ಛಲ ಅವನ ರಾಜ್ಯವನ್ನು ತಿಂದಿತು, ಕಣ್ಣನ್ನು ಪೂರ್ತಿ ತಿನ್ನಲಿಲ್ಲ. ಆಮೇಲೆ ಅವನು ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂರುತ್ತಾನೆ. ಜಕ್ಕೂರು ಕೆರೆಯಲ್ಲಿ ಗುಳುಮುಳುಕ ಹಕ್ಕಿ ಗಾಬರಿಯಾದಾಗ ಮೈಯೆಲ್ಲ ಮುಳುಗಿಸಿ ಕೊಕ್ಕಿನ ತುದಿಯಷ್ಟನ್ನೇ ಜೊಂಡಿನ ನಡುವೆ ಮೇಲಿಟ್ಟುಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಆ ಕುರುರಾಜನ ಮೇಲೆ ಅಕ್ಕರೆ ಹುಟ್ಟುತ್ತದೆ. ಮ್ಯಾಕ್‌ಬೆತ್‌ನ ಕೊನೆಯ ಅಂಕದಲ್ಲಿ ಅಂಥ ಅಕ್ಕರೆಗೆ ಅವನೇ ಜಾಗ ಉಳಿಸಿಲ್ಲ.

ಅವನು ಅಲ್ಲಿಗೆ ತಲುಪಿದ್ದು ಹಂತಹಂತವಾಗಿ. ಮೊದಲ ಕೊಲೆಗೆ ಹೆಂಡತಿಯ ಒತ್ತಾಯ ಬೇಕಾಯಿತು. ಕಠಾರಿಗಳನ್ನು ಮತ್ತೆ ಆ ಕೋಣೆಯಲ್ಲಿ ಇಟ್ಟುಬರಲು ಕಾಲು ಏಳಲಿಲ್ಲ, ಅವಳೇ ಹೋದಳು. ಎರಡನೆಯದು ಬ್ಯಾಂಕೋನದು, ಅದಕ್ಕೆ ಬಾಡಿಗೆ ಕೊಲೆಗಾರರು. ಹೆಂಡತಿಗೆ ವಿಷಯ ತಿಳಿಸಲೂ ಇಲ್ಲ. ಆ ಸಂಜೆ ಅವನೊಮ್ಮೆ ಹೊರಗೆ ನೋಡುತ್ತಾನೆ, ಬೆಳಕು ದಟ್ಟವಾಗುವುದನ್ನು, ಕಾಗೆ ತನ್ನ ತೋಪಿಗೆ ಮರಳುವುದನ್ನು ಗುರುತಿಸುತ್ತಾನೆ. ನಾಟಕದಲ್ಲಿ ಅವನ ಒಂದೇ ಒಂದು ಚಂದದ ಹಕ್ಕಿನೋಟ ಇದು. ಆದರೆ ಆ ಕಾಗೆಯನ್ನೂ ಅವನು ತನ್ನ ಕೆಲಸಕ್ಕೆ ಸೇರಿಸಿಕೊಂಡಿದ್ದಾನೆ. ಕತ್ತಲೆ ಬೇಗ ಬರಲಿ, ಹಗಲಿನ ಒಳ್ಳೆಯ ಜೀವಗಳು ತೂಕಡಿಸಲಿ ಎಂದು ಕರೆಯುತ್ತಿದ್ದಾನೆ. ಹೆಬ್ಬಾಳದ ದಡದಲ್ಲಿ ಅದೇ ಹೊತ್ತಿಗೆ ಕಾಗೆಗಳು, ಗೊರವಂಕಗಳು, ಬೆಳ್ಳಕ್ಕಿಗಳು ಸಾಲುಸಾಲಾಗಿ ಮರಕ್ಕೆ ಬರುತ್ತವೆ; ಕೂತ ಮೇಲೂ ಜಾಗಕ್ಕಾಗಿ ತುಸು ಜಗಳ, ಮತ್ತೆ ಮೌನ. ಮೂರನೆಯ ಕೊಲೆ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳದು. ಅದರಿಂದ ಅವನಿಗೆ ಯಾವ ಲಾಭವೂ ಇಲ್ಲ.

ಆ ತಾಯಿ ಸಾಯುವ ಮುಂಚೆ ರೆನ್ ಹಕ್ಕಿಯನ್ನು ನೆನೆಯುತ್ತಾಳೆ: ಅಷ್ಟು ಪುಟ್ಟದಾದರೂ ಗೂಡಿನ ಮರಿಗಳಿಗಾಗಿ ಗೂಬೆಯೊಡನೆ ಕಾದುತ್ತದೆ, ನನ್ನ ಗಂಡ ನಮ್ಮನ್ನು ಬಿಟ್ಟು ಓಡಿದ ಎಂದು. ಜಕ್ಕೂರಿನ ಬಯಲಲ್ಲಿ ಬರಿನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ, ನಾಯಿ ಬಂದರೂ ಹಸು ಬಂದರೂ ತಲೆಯ ಮೇಲೆಯೇ ಎರಗಿ ಕಿರುಚುತ್ತದೆ. ಕಾಜಾಣವಂತೂ ಗೂಡಿನ ಕಡೆ ಬಂದ ಹದ್ದಿನ ಬೆನ್ನಿಗೇ ಕುಕ್ಕಿ ಓಡಿಸುತ್ತದೆ. ಆ ತಾಯಿಯ ಮಾತು ಬರೀ ಅಲಂಕಾರವಲ್ಲ ಎಂಬುದಕ್ಕೆ ಈ ಹಕ್ಕಿಗಳು ಪ್ರತಿ ಬೇಸಗೆಯಲ್ಲೂ ಸಾಕ್ಷಿ ಹೇಳುತ್ತವೆ.

ಕೊನೆಗೆ ಮ್ಯಾಕ್‌ಬೆತ್‌ಗೆ ಭಯವೂ ರೂಢಿಯಾಗುತ್ತದೆ. ಹೆಂಗಸರ ಚೀರಾಟ ಕೇಳಿದಾಗ, ಒಂದು ಕಾಲಕ್ಕೆ ರಾತ್ರಿಯ ಕೂಗಿಗೆ ಮೈ ತಣ್ಣಗಾಗುತ್ತಿತ್ತು, ಈಗ ಏನೂ ಆಗುವುದಿಲ್ಲ ಎನ್ನುತ್ತಾನೆ. ಚೀರಿದ್ದು ಅವನ ಹೆಂಡತಿ ಸತ್ತದ್ದಕ್ಕೆ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತದೆ. ಯುದ್ಧವಿಮಾನಗಳ ತಾಲೀಮು ಶುರುವಾದಾಗ ಸುತ್ತಲ ಕೆರೆಗಳ ಹಕ್ಕಿಗಳೆಲ್ಲ ಒಮ್ಮೆಲೇ ಏಳುತ್ತವೆ. ದಿನ ಕಳೆದಂತೆ ಕೆಲವು ತಲೆ ಎತ್ತಿ ನೋಡಿ ಮತ್ತೆ ನೀರಿಗೆ ಕೊಕ್ಕು ಹಾಕುತ್ತವೆ. ಅವೂ ರೂಢಿ ಮಾಡಿಕೊಳ್ಳುತ್ತವೆ. ಆದರೆ ಅದೇ ಗದ್ದಲದ ನಡುವೆ ಜೊಂಡಿನ ಮೇಲೆ ತಗ್ಗಾಗಿ ಒಂದು ಹ್ಯಾರಿಯರ್ ಡೇಗೆ ತೇಲಿಬರಲಿ, ಬಾತುಗಳೆಲ್ಲ ಒಟ್ಟಿಗೆ ಸಿಡಿಯುತ್ತವೆ. ಅವು ಬಿಟ್ಟುಕೊಟ್ಟದ್ದು ಹುಸಿ ಭಯವನ್ನು ಮಾತ್ರ, ನಿಜವಾದದ್ದು ಇನ್ನೂ ಹರಿತವಾಗಿದೆ. ಮ್ಯಾಕ್‌ಬೆತ್‌ನ ರೂಢಿ ಎಲ್ಲವನ್ನೂ ಒಂದೇ ಸಮ ಮಾಡಿಬಿಟ್ಟಿತು.

ಅಂಕೆ ತಪ್ಪುವುದೆಂದರೇನೆಂದು ಕೆರೆಯಲ್ಲಿ ನೋಡಬೇಕಾದರೆ ಅಂತರಗಂಗೆಯನ್ನು ನೋಡಬೇಕು. ದಕ್ಷಿಣ ಅಮೆರಿಕದ ಗಿಡ, ನಸುನೇರಳೆ ಹೂವು, ಚೆಲುವೆಂದೇ ಜನ ಇದನ್ನು ದೇಶದಿಂದ ದೇಶಕ್ಕೆ ಒಯ್ದರು. ತನ್ನ ತವರಿನಲ್ಲಿ ಅದು ಸಾಧಾರಣ ಗಿಡ. ಅದನ್ನು ಮೇಯುವ ಹುಳುಗಳಿವೆ. ಇಲ್ಲಿ ಆ ಹುಳುಗಳಿಲ್ಲ, ಮೇಲಾಗಿ ಊರಿನ ಕೊಳಚೆ ಪುಕ್ಕಟೆ ಗೊಬ್ಬರ. ಒಂದು ಗಿಡ ಕವಲು ಚಾಚಿ ಮಗ್ಗುಲಲ್ಲೇ ಮರಿಗಿಡ ಹುಟ್ಟಿಸುತ್ತದೆ, ಮರಿಗಿಡ ಇನ್ನೊಂದನ್ನು. ಚಾಪೆ ಮುಚ್ಚಿದ ನೀರಿನಲ್ಲಿ ಉಸಿರು ಕಟ್ಟಿ ಮೀನು ಸಾಯುತ್ತವೆ. 1980ರ ದಶಕದಲ್ಲಿ ವಿಜ್ಞಾನಿಗಳು ನಿಯೋಕೆಟಿನಾ ಎಂಬ ಸೊಂಡಿಲ ಹುಳುವನ್ನು ತರಿಸಿ ಬೆಂಗಳೂರಿನ ಸುತ್ತಣ ಕೆರೆಗಳಲ್ಲಿ ಬಿಟ್ಟರು. ದೊಡ್ಡ ಹುಳು ಎಲೆ ಕೆರೆಯುತ್ತದೆ, ಮರಿ ತೊಟ್ಟಿನೊಳಗೆ ಕೊರೆಯುತ್ತದೆ. ಅಂತರಗಂಗೆಯ ಹೊರತು ಬೇರೆ ಬೆಳೆಯ ತಂಟೆಗೆ ಹೋಗುವುದಿಲ್ಲ. ಹಲವು ಕೆರೆಗಳಲ್ಲಿ ಗಿಡ ಬಹಳಷ್ಟು ಇಳಿಯಿತು, ಗಿಡ ಇಳಿದಂತೆ ಹುಳುವೂ ಇಳಿಯಿತು. ಕೊಳಚೆ ನಿಲ್ಲದ ಕಡೆ ಗಿಡ ಮತ್ತೆ ಬಂದಿದೆ. ಇಂಥ ಕೀಟಗಳನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ ಹೆಬ್ಬಾಳದಲ್ಲೇ, ಬಳ್ಳಾರಿ ರಸ್ತೆಯ ಮೇಲಿದೆ.

ಮ್ಯಾಕ್‌ಬೆತ್‌ಗೂ ಅಂಕೆಗಳಿದ್ದವು. ಡಂಕನ್‌ನನ್ನು ಕೊಲ್ಲುವ ಮುಂಚೆ ಅವನೇ ಅವನ್ನು ಎಣಿಸುತ್ತಾನೆ: ನಾನು ಅವನ ಬಂಧು, ಅವನ ಪ್ರಜೆ, ಅವನಿಗೆ ಊಟವಿಕ್ಕುವ ಮನೆಯವನು, ಅವನು ಒಳ್ಳೆಯ ರಾಜ. ತನ್ನನ್ನು ತಳ್ಳುತ್ತಿರುವುದು ಮಹತ್ವಾಕಾಂಕ್ಷೆಯೊಂದೇ ಎಂದೂ ಒಪ್ಪಿಕೊಳ್ಳುತ್ತಾನೆ. ಅಷ್ಟು ಸ್ಪಷ್ಟವಾಗಿ ಕಂಡವನು ಒಂದೊಂದಾಗಿ ಅವನ್ನೆಲ್ಲ ಕಿತ್ತುಹಾಕುತ್ತಾನೆ: ಬಂಧುತ್ವ, ಗೆಳೆತನ, ನಿದ್ದೆ, ಹೆಂಡತಿಯೊಡನೆ ಮಾತು. ಉಳಿಯುವುದು ಮಾಟಗಾತಿಯರ ಮಾತೊಂದೇ. ಬರ್ನಂ ಕಾಡು ಡನ್ಸಿನೇನ್ ಬೆಟ್ಟಕ್ಕೆ ನಡೆದು ಬರುವ ತನಕ ನಿನಗೆ ಸೋಲಿಲ್ಲ ಎಂದು ಅವರು ಹೇಳಿದಾಗ, ಮರಕ್ಕೆ ಬೇರು ಕಿತ್ತುಕೊಂಡು ಬಾ ಎಂದು ಯಾರು ಅಪ್ಪಣೆ ಕೊಟ್ಟಾರು ಎಂದು ಅವನು ನೆಮ್ಮದಿಪಡುತ್ತಾನೆ.

ಹಸಿರು ನಡೆಯುವುದನ್ನು ಹೆಬ್ಬಾಳದವರು ಕಂಡಿದ್ದಾರೆ. ಮಳೆಗಾಲದ ಪಡುವಣ ಗಾಳಿಗೆ ಅಂತರಗಂಗೆಯ ಚಾಪೆ ಮೂಡಣ ದಡಕ್ಕೆ ಒತ್ತರಿಸುತ್ತದೆ, ಚಳಿಗಾಲದ ಗಾಳಿ ಅದನ್ನು ತಿರುಗಿ ಕಳಿಸುತ್ತದೆ, ಮೇಲೆ ದೇವನಕೋಳಿಗಳು ಉದ್ದ ಬೆರಳೂರಿ ಓಡಾಡುತ್ತಿರುತ್ತವೆ. ಬರ್ನಂ ಕಾಡು ನಡೆಯುವುದಕ್ಕೂ ಮಾಯೆ ಬೇಕಾಗಲಿಲ್ಲ. ತಮ್ಮ ಸಂಖ್ಯೆ ಮರೆಮಾಡಲು ಸೈನಿಕರು ಒಂದೊಂದು ಕೊಂಬೆ ಕಡಿದು ಹಿಡಿದುಕೊಂಡರು, ಅಷ್ಟೆ. ಬಿ. ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ, ರಘುವೀರ ಸಹಾಯ್ ಅವರ ಹಿಂದಿ ಅನುವಾದವನ್ನು ಯಕ್ಷಗಾನದ ರೀತಿಯಲ್ಲಿ ಆಡಿಸಿದಾಗ ನಾಯಕನ ಹೆಸರನ್ನೇ ಬಿಟ್ಟು ನಾಟಕವನ್ನು ‘ಬರ್ನಂ ವನ’ ಎಂದು ಕರೆದರು. ನನ್ನ ಮಟ್ಟಿಗೆ ಈ ನಾಟಕಕ್ಕೆ ಯಾರೇ ಇಟ್ಟ ಹೆಸರುಗಳಲ್ಲಿ ಅದೇ ಸರಿಯಾದದ್ದು.

ಆ ಕಾಡು ನಡೆಯುವುದನ್ನು ಮೊದಲು ಕಂಡವನು ಒಬ್ಬ ಕಾವಲಿನವನು. ಅವನಿಗೆ ನಾಟಕದಲ್ಲಿ ಹೆಸರಿಲ್ಲ. ಕಂಡದ್ದನ್ನು ಹೇಳಬೇಕು, ಹೇಗೆ ಹೇಳುವುದೋ ತಿಳಿಯದು ಎಂದು ತಡವರಿಸುತ್ತಾನೆ. ಬೆಟ್ಟದ ಮೇಲೆ ಕಾವಲಿದ್ದೆ, ಬರ್ನಂ ಕಡೆ ನೋಡಿದೆ, ಕಾಡು ಚಲಿಸುವಂತೆ ಕಂಡಿತು, ಮೂರು ಮೈಲಿಯೊಳಗೆ ನೀವೇ ನೋಡಬಹುದು ಎನ್ನುತ್ತಾನೆ. ಎಲ್ಲಿ ನಿಂತಿದ್ದೆ, ಯಾವ ದಿಕ್ಕು, ಎಷ್ಟು ದೂರ, ಏನು ಕಂಡಿತು, ಎಲ್ಲವೂ ಅದರಲ್ಲಿದೆ; ಹೆಚ್ಚಿಗೆ ಒಂದು ಪದವಿಲ್ಲ. ಮ್ಯಾಕ್‌ಬೆತ್ ಅವನನ್ನು ಸುಳ್ಳುಗಾರನೆಂದು ಬೈದು, ನಿಜವಾಗದಿದ್ದರೆ ಹತ್ತಿರದ ಮರಕ್ಕೆ ಜೀವಂತ ನೇತುಹಾಕುತ್ತೇನೆ ಎನ್ನುತ್ತಾನೆ. ಇಡೀ ಕೋಟೆಯಲ್ಲಿ ಕಣ್ಣು ನೆಟ್ಟಗಿದ್ದ ಮನುಷ್ಯ ಅವನೊಬ್ಬ.

ಕನ್ನಡದಲ್ಲಿ ಇನ್ನು ಮುಂದೆ ಮ್ಯಾಕ್‌ಬೆತ್ ಆಡಿಸುವವರಲ್ಲಿ ನನ್ನದೊಂದು ವಿನಂತಿ. ಹೊತ್ತು ಉಳಿಸಲು ಆ ಕಾವಲಿನವನ ಮಾತನ್ನು ಮೊಟಕು ಮಾಡಬೇಡಿ. ಆ ಪಾತ್ರವನ್ನು ತಂಡದ ಒಳ್ಳೆಯ ನಟನಿಗೆ ಕೊಡಿ.